ಟಗರು ಕೂತರೆ ನಾನು ಪಾಸು

ಲೈಸೆನ್ಸು ಕೈಗೆ ಬಂದ ದಿನ ಮನುಷ್ಯನ ಕುತ್ತಿಗೆ ಎರಡು ಇಂಚು ಉದ್ದವಾಗುತ್ತದೆ. ಅಮ್ಮ ಇದನ್ನು ಒಪ್ಪುವುದಿಲ್ಲ, ಆದರೆ ನನ್ನ ಅಂಗಿಯ ಕಾಲರು ಒಪ್ಪುತ್ತದೆ. ಹದಿನೆಂಟು ತುಂಬಿದ ಮೇಲೆ ನನಗೆ ಗೊತ್ತಿಲ್ಲದ ವಿಷಯ ಅಂತ ಜಗತ್ತಿನಲ್ಲಿ ಏನೂ ಉಳಿದಿರಲಿಲ್ಲ. ಇದ್ದರೆ ಅದು ಪರೀಕ್ಷೆಗೆ ಬರುವಂಥದ್ದು, ಅದರ ಮಾತು ಇಲ್ಲಿ ಬೇಡ. ಇಷ್ಟು ತಿಳಿವಳಿಕೆ ಒಬ್ಬನಲ್ಲೇ ಇಟ್ಟುಕೊಳ್ಳುವುದು ತಪ್ಪು ಅನ್ನಿಸಿ, ಶಿಕಾರಿಪುರದ ಕಾಲೇಜಿನಲ್ಲಿ ಗೆಳೆಯರಿಗೆಲ್ಲ ಒಂದು ಮಾತು ಹೇಳಿಬಿಟ್ಟಿದ್ದೆ: "ಸೋಮವಾರ ನಾನು ಬಸ್ಸಿಗೆ ಬರಲ್ಲ, ಜೀಪಿನಾಗೆ ಬರ್ತೀನಿ. ಗೇಟಿನ ಹತ್ರ ಜಾಗ ಬಿಟ್ಟಿರ್ರಿ."

ಜೀಪು ನನ್ನದಲ್ಲ, ದೊಡ್ಡಪ್ಪನದು. ಅದಕ್ಕೆ ಎಷ್ಟು ವಯಸ್ಸು ಅಂತ ಯಾರಿಗೂ ಗೊತ್ತಿಲ್ಲ. ನಮ್ಮಪ್ಪನ ಮದುವೆಯ ದಿಬ್ಬಣಕ್ಕೆ ಹೋಗಿತ್ತಂತೆ, ಆಗಲೇ ಜನ "ಈ ಹಳೇ ಜೀಪು ಮುಟ್ಟುತ್ತಾ?" ಅಂತ ಕೇಳಿದ್ದರಂತೆ. ಆದರೆ ಅದರ ಗೇರಿನ ಕೋಲಿನ ತಲೆಯ ಮೇಲೆ ಹುಣಸೆ ಬೀಜದಷ್ಟು ದೊಡ್ಡ ಒಂದು ಸ್ವಿಚ್ಚಿದೆ. ಅದೇ ಓವರ್‌ಡ್ರೈವ್. ಜೀಪಿನ ಮೊದಲ ಯಜಮಾನ ಯಾರೋ ಶೋಕಿಲಾಲ ಹಾಕಿಸಿದ್ದು. ಅದನ್ನು ಒತ್ತಿದರೆ ಗಾಡಿ ವಿಮಾನವಾಗುತ್ತದೆ ಅಂತ ನನ್ನ ಗೆಳೆಯರು ನಂಬಿದ್ದಾರೆ. ಹಾಗೆ ನಂಬಿಸಿದವನು ನಾನೇ. ನಿಜವಾಗಿ ಆಗುವುದು ಇಷ್ಟು: ಗಾಡಿ ಅದೇ ವೇಗದಲ್ಲಿ ಓಡುತ್ತಿರುತ್ತದೆ, ಎಂಜಿನ್ನಿಗೆ ಮಾತ್ರ ಕೆಲಸ ಕಡಿಮೆಯಾಗಿ ಅದು ಕಿರುಚುವುದನ್ನು ಬಿಟ್ಟು ಗುನುಗತೊಡಗುತ್ತದೆ.

ಆ ಸ್ವಿಚ್ಚಿನ ಬಗ್ಗೆ ದೊಡ್ಡಪ್ಪನ ಉಪದೇಶ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. "ನೋಡ್ಲೇ, ಗಾಡಿ ನಾಲ್ಕನೇ ಗೇರಿನಾಗೆ ಚೆಂದಾಗಿ ಓಡ್ತಿರಬೇಕು, ರಸ್ತೆ ಸಪಾಟ ಇರಬೇಕು, ಆಗ ಹಾಕು. ದಿಬ್ಬ ಬರೋಕಿಂತ ಮುಂಚೆ ತೆಗಿ. ತೆಗೆಯುವಾಗ ಕಾಲು ಆಕ್ಸಿಲೇಟರ್ ಮ್ಯಾಲೇ ಇರ್ಲಿ, ಕ್ಲಚ್ಚು ಒಂಚೂರು ಮುಟ್ಟು. ಕಾಲು ಎತ್ತಿ ತೆಗೆದ್ಯೋ, ಹಗ್ಗ ಜಗ್ಗಿದ ಹೋರಿ ನಿಂತಂಗೆ ಮುಗ್ಗರಿಸ್ತತಿ."

"ದೊಡ್ಡಪ್ಪಾ, ಇವೆಲ್ಲ ನಂಗೆ ತೊಟ್ಟಿಲಿನಾಗೆ ಇದ್ದಾಗ್ಲೇ ಗೊತ್ತು."

"ಗೊತ್ತೋ ಇಲ್ಲೋ ಟಗರು ಹೇಳ್ತತಿ ಬಿಡು."

ಈ ಟಗರಿನ ಕಥೆ ಹೇಳಬೇಕು. ನಮ್ಮದು ಕುರಿ ಸಾಕುವ ಮನೆ. ಡ್ರೈವರನನ್ನು ನಾವು ಮೀಟರು ನೋಡಿ ಅಳೆಯುವುದಿಲ್ಲ. ಹಿಂದಿರುವ ಕುರಿ ಕಾಲು ಮಡಚಿ ಕೂತರೆ ಡ್ರೈವರು ಒಳ್ಳೆಯವನು. ನಾಲ್ಕು ಕಾಲೂ ಅಗಲಿಸಿ ನಿಂತೇ ಇದ್ದರೆ ಅವನ ಲೈಸೆನ್ಸು ಒಲೆಗೆ. ಆ ಭಾನುವಾರ ಸೊರಬದ ಕಡೆ ಹೊಸಬಾಳೆಯ ಬೀಗರ ಹಿಂಡಿಗೆ ಬೀಜದ ಟಗರು ಮುಟ್ಟಿಸಬೇಕಿತ್ತು. ದೊಡ್ಡಪ್ಪ ತಮ್ಮ ಮೀಸೆಯಷ್ಟೇ ಪ್ರೀತಿಯಿಂದ ಬೆಳೆಸಿದ್ದ ಪೈಲ್ವಾನನೆಂಬ ಟಗರನ್ನೇ ಕೊಡುತ್ತೇನೆ ಎಂದಿದ್ದರು. "ಹೊಸಬಾಳೆ ಮಟ ಪೈಲ್ವಾನ ಕೂತೇ ಬಂದ್ರೆ ಕೀ ನಿಂದು. ಎದ್ದು ನಿಂತ್ರೆ ಸೋಮವಾರದ ಬಸ್ಸು ನಿಂದು."

ಪರೀಕ್ಷೆಗೆ ನಾನು ತಯಾರಿ ಮಾಡಿಕೊಂಡೆ. ಓದಿ ಅಲ್ಲ, ತಿನ್ನಿಸಿ. ಹೊಟ್ಟೆ ತುಂಬಿದ ಟಗರು ಮದುವೆ ಊಟ ಮುಗಿಸಿದ ಸೋದರಮಾವನ ಹಾಗೆ, ಚಾಪೆ ಹಾಸದಿದ್ದರೂ ಒರಗುತ್ತದೆ. ಬೆಳಿಗ್ಗೆ ದೊಡ್ಡಪ್ಪ ಸ್ನಾನಕ್ಕೆ ಹೋದಾಗ ಪೈಲ್ವಾನನಿಗೆ ಅವನ ಪಾಲಿನ ಹುಲ್ಲು, ಅವನ ಹೆಂಡಿರ ಪಾಲಿನ ಹುಲ್ಲು, ಕೊನೆಗೆ ನಮ್ಮ ಹಸುವಿನ ಪಾಲನ್ನೂ ತಿನ್ನಿಸಿದೆ. ಹಸು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

ನಮ್ಮೂರು ತಾಳಗುಂದ ಬಿಟ್ಟು ಶಿರಾಳಕೊಪ್ಪ ದಾಟುವಷ್ಟರಲ್ಲಿ ಪೈಲ್ವಾನ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿದ್ದ. ಸಪಾಟು ರಸ್ತೆ ಸಿಕ್ಕಿತು. ನಾಲ್ಕನೇ ಗೇರು, ಹದವಾದ ವೇಗ, ಹೆಬ್ಬೆರಳಿನಿಂದ ಸ್ವಿಚ್ಚು. ಎಂಜಿನ್ನು ಗುನುಗಿತು. ದೊಡ್ಡಪ್ಪ ಏನೂ ಅನ್ನಲಿಲ್ಲ. ಅವರ ಬಾಯಿಂದ ಏನೂ ಬರದಿದ್ದರೆ ಅದು ಬಿರುದು ಕೊಟ್ಟ ಹಾಗೆ. ಆ ಬಿರುದನ್ನು ತಲೆಗೆ ಏರಿಸಿಕೊಂಡು ಮುಂದಿನ ದಿಬ್ಬಕ್ಕೆ ಬಂದವನು, ಕಾಲು ಎತ್ತಿ ಸ್ವಿಚ್ಚು ತೆಗೆದೆ. ಜೀಪು ಮುಗ್ಗರಿಸಿತು. ದೊಡ್ಡಪ್ಪನ ಕನ್ನಡಕ ಮೀಸೆಯ ಮೇಲೆ ಬಂದು ಕೂತಿತು. ಪೈಲ್ವಾನ ಒಂದು ಕಣ್ಣು ತೆರೆದು ಮತ್ತೆ ಮುಚ್ಚಿದ.

"ಕೂತೇ ಐತಲ್ಲ ದೊಡ್ಡಪ್ಪಾ?" ಎಂದೆ.

"ಕೂತೈತಿ," ಎಂದರು ದೊಡ್ಡಪ್ಪ, ಕನ್ನಡಕ ಮೇಲೇರಿಸುತ್ತಾ. "ಅದೇ ತಿಳೀವಲ್ದು."

ಹೊಸಬಾಳೆಯಲ್ಲಿ ಬೀಗರ ಮನೆ ಮುಂದೆ ಜೀಪು ನಿಲ್ಲಿಸಿ ಕೀ ತೆಗೆದು ಬೆರಳಲ್ಲಿ ತಿರುಗಿಸಿದೆ. ಬೀಗರು, ಬೀಗಿತ್ತಿ, ಅಕ್ಕಪಕ್ಕದವರು ಎಲ್ಲ ಸೇರಿದರು. ಹಿಂದಿನ ಬಾಗಿಲು ತೆಗೆದರು. ಪೈಲ್ವಾನ ಏಳಲಿಲ್ಲ. ಕರೆದರು, ತಟ್ಟಿದರು, ಕೊಂಬು ಹಿಡಿದು ಜಗ್ಗಿದರು. ಅವನು ತೇಗಿದ.

"ಎಂತ ಬೀಗ್ರೇ, ಇದಕ್ಕೆ ಕಾಲು ಸರಿ ಇದೆಯಾ?" ಬೀಗರು ತಲೆ ಕೆರೆದುಕೊಂಡರು.

ಬೀಗಿತ್ತಿ ಸೆರಗು ಬಾಯಿಗಿಟ್ಟುಕೊಂಡು, "ಬೀಜಕ್ಕೆ ಅಂತ ತಂದಿರಾ, ಬಾಣಂತನಕ್ಕೆ ಅಂತ ತಂದಿರಾ?" ಎಂದುಬಿಟ್ಟರು. ಸುತ್ತ ನಿಂತವರೆಲ್ಲ ನಕ್ಕರು.

ದೊಡ್ಡಪ್ಪನ ಮೀಸೆ ಬಾಗಿದ್ದನ್ನು ನಾನು ಜೀವನದಲ್ಲಿ ಮೊದಲ ಸಲ ನೋಡಿದೆ. ಪೈಲ್ವಾನನನ್ನು ವಾಪಸ್ಸು ಒಯ್ದರೆ ಮಗಳನ್ನು ಕೊಟ್ಟ ಊರಿನಲ್ಲಿ ಅವರು ತಲೆ ಎತ್ತುವ ಹಾಗಿರಲಿಲ್ಲ. ಅವರು ನಿಧಾನಕ್ಕೆ ನನ್ನ ಕಡೆ ತಿರುಗಿದರು.

"ಬೆಳಿಗ್ಗೆ ಏನ್ ತಿನ್ಸಿದ್ಯಲೇ?"

"ಸ್ವಲ್ಪ ಹುಲ್ಲು."

"ಎಷ್ಟು ಸ್ವಲ್ಪ?"

"ಹಸುವಿನ ಪಾಲಿಂದೂ ಸೇರಿ."

ದೊಡ್ಡಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬೀಗ್ರೇ, ಹತ್ರೀ ಗಾಡಿ, ಒಂದು ಸುತ್ತು ಹೋಗಿ ಬರಾಣ. ಲೇ, ಕೂರು ಸ್ಟೇರಿಂಗಿಗೆ. ನಾ ಹೇಳಿಕೊಟ್ಟಂಗೆ ಬ್ಯಾಡ, ನಿನಗೆ ಬಂದಂಗೆ ಹೊಡಿ."

ನಾಲ್ಕನೇ ಗೇರಿಗೆ ಬಂದ ಮೇಲೆ ಸ್ವಿಚ್ಚು ಹಾಕಿದೆ, ಕಾಲು ಎತ್ತಿ ತೆಗೆದೆ. ಹಾಕಿದೆ, ತೆಗೆದೆ. ಬೀಗರು ಸರಳು ಹಿಡಿದುಕೊಂಡು ಮನೆದೇವರನ್ನು ಕರೆಯತೊಡಗಿದರು. ಐದನೆಯ ಮುಗ್ಗರಿಕೆಗೆ ಪೈಲ್ವಾನ ಧಿಗ್ಗನೆ ಎದ್ದ. ನಾಲ್ಕು ಕಾಲೂ ಅಗಲಿಸಿ ನಿಂತು, ಎರಡು ಹೆಜ್ಜೆ ಹಿಂದೆ ಸರಿದು, ನನ್ನ ಸೀಟಿನ ಬೆನ್ನಿಗೆ ಒಂದು ಗುದ್ದು ಕೊಟ್ಟ. ನನ್ನ ಹಣೆ ಹಾರ್ನು ಬಾರಿಸಿತು.

"ಅಬ್ಬಬ್ಬ, ಎಂತ ಸೊಕ್ಕು ಮಾರಾಯ್ರೇ ಇದಕ್ಕೆ!" ಬೀಗರು ಕುಣಿದಾಡಿದರು. "ಇದೇ ಬೇಕು ನಮಗೆ!"

ದೊಡ್ಡಪ್ಪ ಮೀಸೆ ತಿರುವಿ ನನ್ನ ಕಡೆ ಕೈ ಚಾಚಿದರು. ಕೀ ಕೊಟ್ಟೆ.

ವಾಪಸ್ಸು ಬರುವಾಗ ಬೀಗಿತ್ತಿ ತವರಿಗೆ ಹೊರಟಿದ್ದರಿಂದ ಮುಂದಿನ ಸೀಟು ಅವರದಾಯಿತು. ಹಿಂದೆ ಪೈಲ್ವಾನನ ಜಾಗ ಖಾಲಿ ಇತ್ತು. ಸಿಟ್ಟಿಗೆ ನಾನು ಮೇಲಿನ ಸರಳು ಹಿಡಿದು, ತಾಳಗುಂದದವರೆಗೂ ಕೂರುವುದಿಲ್ಲ ಅಂತ ಶಪಥ ಮಾಡಿ ನಿಂತೆ. ಸೊರಬ ದಾಟಿತು. ದೊಡ್ಡಪ್ಪ ಯಾವಾಗ ಸ್ವಿಚ್ಚು ಹಾಕಿದರೋ, ಯಾವ ದಿಬ್ಬಕ್ಕೆ ತೆಗೆದರೋ, ಮೈಗೆ ಗೊತ್ತೇ ಆಗಲಿಲ್ಲ. ಎಂಜಿನ್ನು ಗುನುಗುತ್ತಿತ್ತು. ಬೀಗರ ಮನೆಯ ಹೋಳಿಗೆ ಹೊಟ್ಟೆಯಲ್ಲಿ ಭಾರವಾಗಿತ್ತು.

"ಬೀಗಿತ್ತೇರೇ, ಹಿಂದಕ್ಕೊಮ್ಮೆ ನೋಡ್ರಿ," ದೊಡ್ಡಪ್ಪನ ದನಿ ದೂರದಿಂದೆಲ್ಲೋ ಕೇಳಿತು. "ಕೂತನೇನು?"

"ಕೂರೋದೆಂತದು, ಕಾಲು ಮಡಚಿ ಮಲಗೇಬಿಟ್ಟಿದಾನೆ."

"ಹಂಗಾರೆ ನಾ ಪಾಸು," ಎಂದರು ದೊಡ್ಡಪ್ಪ.