ಸೇರು ಸೇರಾಗಿ ಇಳಿದದ್ದು

ದಪ್ಪ ಇದ್ದವನಿಗೆ ಅಂಜಿಕೆಗಳು ಒಂದರ ಬೆನ್ನಿಗೆ ಒಂದು ಬರುತ್ತಲೇ ಇರುತ್ತವೆ. ನೋಡುವವರಿಗೆ ಮಾತ್ರ ಅವೆಲ್ಲ ನಗೆಯಾಗಿ ಕಾಣುತ್ತವೆ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮೊದಲಿನ ಮಾತು. ಇಚಲಕರಂಜಿಯಲ್ಲಿ ನನ್ನದು ನೂಲಿನ ಅಂಗಡಿ.

೧. ಎದೆ

ಯುಗಾದಿ ಪಾಡ್ಯ ಹತ್ತಿರ ಬಂದಿತ್ತು. ನನ್ನದೇ ವಯಸ್ಸಿನ, ನನ್ನದೇ ಗಾತ್ರದ ವ್ಯಾಪಾರಿಯೊಬ್ಬರು ಊಟಕ್ಕೆ ಕೂತವರು ಏಳಲೇ ಇಲ್ಲ. ಅವರ ಮಣ್ಣಿಗೆ ಹೋಗಿ ಬಂದವನು ಮರುದಿನವೇ ಕೊಲ್ಹಾಪುರಕ್ಕೆ ಹೋಗಿ ಡಾಕ್ಟರ ಮುಂದೆ ಅಂಗಿ ಬಿಚ್ಚಿ ಕೂತೆ. ಅವರು ಕಿವಿಗೆ ನಳಿಗೆ ಸಿಕ್ಕಿಸಿಕೊಂಡು ಅದರ ತುದಿಯನ್ನು ಅಲ್ಲಿಟ್ಟರು, ಇಲ್ಲಿಟ್ಟರು, ಮತ್ತೆ ಅಲ್ಲಿಟ್ಟರು.

"ಏನಾಗೇತ್ರಿ ಡಾಕ್ಟರ? ಇದ್ದದ್ದು ಹೇಳಿಬಿಡ್ರಿ."

"ತಡೀರಿ ಸಾವಕಾರ್ರ, ಎದಿ ಎಲ್ಲೈತಿ ಅಂತ ಇನ್ನೂ ಹುಡಕಾಕತ್ತೇನಿ."

೨. ತಕ್ಕಡಿ

ಮೈ ಇಳಿಸಲೇಬೇಕು ಎಂದರು ಡಾಕ್ಟರು. ಮೊದಲು ಎಷ್ಟಿದೆ ಅಂತ ಗೊತ್ತಾಗಬೇಕಲ್ಲ? ನೂಲಿನ ಗಂಟು ತೂಗುವ ತಕ್ಕಡಿಯಲ್ಲಿ ಕೂತೆ. ತಲೆಯ ಮೇಲಿನ ತೊಲೆ ಕಿರುಗುಟ್ಟಿತು. ಹಮಾಲ ಒಂದೊಂದೇ ತೂಕದ ಕಲ್ಲು ಇಡುತ್ತ ಹೋದ. ನಾನು ಹಗ್ಗವನ್ನೇ ನೋಡುತ್ತ ಉಸಿರು ಬಿಗಿಹಿಡಿದೆ.

"ಉಸರ ಬಿಡ್ರಿ ಸಾವಕಾರ್ರ," ಎಂದ ಹಮಾಲ. "ಹಿಡಕೊಂಡ್ರ ತೂಕೇನ ಕಡಿಮಿ ಆಗೂದಿಲ್ಲ. ನಮ್ಮ ಕಲ್ಲು ತೀರ್ಯಾವು, ಎದರಿನ ಅಂಗಡ್ಯಾಗಿನೂ ಇಸಗೊಂಡ ಬರತೇನಿ."

೩. ಚೌಕಾಸಿ

ಪಾಡ್ಯದ ದಿನ ಬೇವು-ಬೆಲ್ಲ ಬಾಯಿಗೆ ಹಾಕಿಕೊಂಡು, ವರ್ಷದೊಳಗೆ ಒಂದು ಮಣ, ಅಂದರೆ ನಲವತ್ತು ಸೇರು, ಇಳಿಸುತ್ತೇನೆ ಎಂದು ದೇವರ ಮುಂದೆ ಹೇಳಿಬಿಟ್ಟೆ. ಹೆಂಡತಿಯ ಮುಖ ಬಿಳಿಚಿತು. ಅವಳ ಅಣ್ಣ ಕ್ಷಯದಲ್ಲಿ ಸೊರಗಿ ಸೊರಗಿ ಹೋದವನು.

"ಮಣಾ ಗಿಣಾ ಬ್ಯಾಡ್ರಿ. ವರ್ಷಕ್ಕ ಎರಡು ಸೇರು ಇಳಸ್ರಿ, ಸಾಕು."

"ಡಾಕ್ಟರು ತಿಂಗಳಿಗೇ ಮೂರು ಸೇರು ಅಂದಾರ."

"ಅವರಿಗೇನ್ರಿ, ಕುಂಕುಮ ನಂದು."

ತಿಂಗಳಿಗೆ ಒಂದು ಸೇರಿಗೆ ವ್ಯವಹಾರ ಮುಗಿಯಿತು. ಹಾಗಾದರೆ ಹೋಳಿಗೆಗೆ ತುಪ್ಪ ಬೇಡ ಎಂದೆ. "ಕರಾರು ನಾಳಿಂದ್ರಿ," ಎಂದು ಸುರಿದೇಬಿಟ್ಟಳು.

೪. ಗಡಹಿಂಗ್ಲಜದ ಓಣಿ

ಸಂಜೆ ನಡಿಗೆ, ರಾತ್ರಿ ಒಂದೇ ಜೋಳದ ಭಕ್ರಿ. ದೀಪಾವಳಿ ಹೊತ್ತಿಗೆ ಅಂಗಿ ಸಡಿಲಾಗಿತ್ತು. ಧೈರ್ಯ ಬಂದು ಗಡಹಿಂಗ್ಲಜಕ್ಕೆ ತಂಗಿಯ ಮನೆಗೆ ಹೋದೆ. ಬಾಗಿಲು ತೆಗೆದ ತಂಗಿ ನನ್ನನ್ನು ನೋಡಿದಳು, ಒಳಗೆ ಹೋಗಿ ಅತ್ತಳು. ಸ್ವಲ್ಪ ಹೊತ್ತಿಗೆ ಓಣಿಯವರು ಒಬ್ಬೊಬ್ಬರೇ ಬಂದು, ನನ್ನ ಮುಖ ನೋಡಿ, ನಿಟ್ಟುಸಿರು ಬಿಟ್ಟು ಕೂತರು. ಪಕ್ಕದ ಮನೆಯ ಅಜ್ಜಿ ತಂಗಿಯ ಕಿವಿಯಲ್ಲಿ ಕೇಳಿದ್ದು ನನಗೂ ಕೇಳಿಸಿತು.

"ಅವಗ ಗೊತ್ತೈತೇನವಾ?"

"ಇಲ್ಲ ಅನಸ್ತೈತಿ ಆಯಿ. ಯಾರೂ ಹೇಳಿಲ್ಲ."

ಡಾಕ್ಟರು ನನ್ನಿಂದ ಏನಾದರೂ ಮುಚ್ಚಿಟ್ಟರೇ? ದನಿ ಗಟ್ಟಿ ಮಾಡಿಕೊಂಡು, "ಆಯಿ, ನನಗೇನೂ ಆಗಿಲ್ರಿ. ನಾನ ಬೇಕಂತ ಇಳಿಸೇನಿ. ಭಾಳ ಆರಾಮ ಅದೇನಿ," ಎಂದೆ.

ಅಜ್ಜಿ ನನ್ನ ಬೆನ್ನು ಸವರಿದಳು.

"ಹೌದಪಾ, ಹೌದು. ನಮ್ಮ ಮನಿಯವರೂ ಕಡೀಕ ಹಿಂಗ ಅಂತಿದ್ರು."