ಬತ್ತೀಸ್ ಬೋರಿಗೆ ಗವಾ ಬೀಳತೈತೇನು?

'ಸಾಲೂದಿಲ್ರಿ' ಎಂಬ ಒಂದು ಮಾತನ್ನು ತಾತೋಬಾ ಬೆಳಿಗ್ಗೆ ಎಂಟಕ್ಕೇ ಹೇಳಿಬಿಟ್ಟಿದ್ದರೆ ಆ ದಿನದ ಫಜೀತಿ ಯಾವುದೂ ಆಗುತ್ತಿರಲಿಲ್ಲ. ಉತ್ತರ ಅವನಿಗೆ ಗೊತ್ತಿತ್ತು. ನಲವತ್ತು ವರ್ಷ ಎಮ್ಮೆ ಕೋಣಗಳ ಚರ್ಮ ಕೊಯ್ದು ಚಪ್ಪಲಿ ಹೊಲಿದವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು? ಆದರೆ ಅವನು ಹೇಳಲಿಲ್ಲ.

ಗಡಹಿಂಗ್ಲಜದ ಹಳೆ ಪೇಟೆಯ ಹಿಂದಿನ ಓಣಿಯಲ್ಲಿ ಅವನ ಅಂಗಡಿ. ಮುಂದೆ ಅಂಗಡಿ, ನಡುವೆ ಒಂದು ಕೋಣೆ, ಹಿಂದೆ ಚರ್ಮ ಹದ ಮಾಡುವ ಹಿತ್ತಿಲು. ಹೆಂಡತಿ ಬಯಾಬಾಯಿ ಸತ್ತು ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಗಿರಾಕಿಗಳು ಬಂದರೂ ಬೆಲೆ ಕೇಳಿ, ಕೊಲ್ಲಾಪುರದಿಂದ ಲಾರಿಯಲ್ಲಿ ಬರುವ ರಬ್ಬರು ಚಪ್ಪಲಿ ಕೊಳ್ಳಲು ಮುಂದಿನ ಅಂಗಡಿಗೆ ಹೋಗುತ್ತಿದ್ದರು. ಕೆಲವು ದಿನ ಸಂಜೆ ದೀಪ ಹಚ್ಚುವಾಗ, ಇವತ್ತು ಬಾಯಿ ತೆರೆದದ್ದು ಆಕಳಿಸಲು ಮಾತ್ರ ಎಂದು ತಾತೋಬಾನಿಗೆ ಹೊಳೆಯುತ್ತಿತ್ತು. ಅದಕ್ಕೇ ಇತ್ತೀಚೆಗೆ ಚರ್ಮ ಚುಚ್ಚುವ ಆರಿಯ ಜೊತೆ ಮಾತಾಡಲು ಶುರು ಮಾಡಿದ್ದ. "ಇವತ್ತ ಯಾಕೋ ಮೊಂಡಾಗೀಯಲ್ಲಪಾ" ಎನ್ನುತ್ತಿದ್ದ. ಆರಿಗೆ ಸಿಟ್ಟು ಬಂದರೆ ಹೆಬ್ಬೆರಳಿಗೆ ಚುಚ್ಚುತ್ತಿತ್ತು. ಅಷ್ಟಾದರೂ ಉತ್ತರ ಬಂತಲ್ಲ ಎಂದು ಅವನಿಗೆ ಸಮಾಧಾನ.

ಆ ಬೆಳಿಗ್ಗೆ ಅಂಗಡಿಯ ಮುಂದೆ ಬಾಳಗೊಂಡ ಪಾಟೀಲನ ಮೋಟಾರ್ ಸೈಕಲ್ ಬಂದು ನಿಂತಿತು. ಊರ ಹೊರಗೆ ಆರು ಎಕರೆ ಕಬ್ಬು ಇರುವ ಮನುಷ್ಯ. ಹಿಂದೆ ಕೂತವನು ನಿವೃತ್ತ ಹವಾಲ್ದಾರ ಧೋಂಡಿಬಾ. ಬಾಳಗೊಂಡ ಗಾಡಿ ಬಂದ್ ಮಾಡದೆ, ಇಳಿಯದೆ ಕೇಳಿದ:

"ತಾತ್ಯಾ, ಒಂದ ಮಾತು ಹೇಳಿಬಿಡು. ಗವ್ಯಾನ ಚರ್ಮ ಎಷ್ಟು ದಪ್ಪ ಇರತೈತಿ?"

ಗವಾ ಎಂದರೆ ಕಾಡುಕೋಣ. ಆಜರಾ ಕಡೆಯ ಕಾಡಿನಿಂದ ಇಳಿದ ಒಂದು ಗವಾ ನಸುಕಿನಲ್ಲಿ ಬಾಳಗೊಂಡನ ಕಬ್ಬಿಗೆ ನುಗ್ಗಿತ್ತು. ಅರಣ್ಯ ಇಲಾಖೆಯವರು ಪಟಾಕಿ ಸಿಡಿಸುತ್ತ ಅದನ್ನು ಹೊರಗೆ ಕರೆಯುತ್ತಿದ್ದರು. ಗವಾ ಮಾತ್ರ ಮಾವನ ಮನೆಗೆ ಬಂದ ಅಳಿಯನ ಹಾಗೆ ಒಳಗೇ ಕೂತಿತ್ತು.

ಬಾಳಗೊಂಡ ಸೊಂಟದ ಟವೆಲ್ ಸರಿಸಿ ರಿವಾಲ್ವರ್ ತೋರಿಸಿದ. ಅಪ್ಪನ ಕಾಲದ ಲೈಸೆನ್ಸು. ಇಲೆಕ್ಷನ್ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿ ತರಬೇಕು. ಪಂಚಾಯಿತಿ, ಜಿಲ್ಲಾ ಪರಿಷತ್ತು, ವಿಧಾನಸಭೆ, ಲೋಕಸಭೆ ಎಂದು ಆ ರಿವಾಲ್ವರು ಹೊಸ ಸೊಸೆ ತವರಿಗೆ ಹೋಗಿ ಬಂದಂತೆ ಠಾಣೆಗೂ ಮನೆಗೂ ಓಡಾಡಿತ್ತೇ ಹೊರತು ಒಮ್ಮೆಯೂ ಸಿಡಿದಿರಲಿಲ್ಲ.

"ಬತ್ತೀಸ್ ಬೋರ್, ಮೂವತ್ತೆರಡರದು" ಎಂದ ಬಾಳಗೊಂಡ. "ಇದರ ಗುಂಡಿಗೆ ಗವಾ ಬೀಳತೈತೇನು? ಹವಾಲ್ದಾರ್ರು ಇಲ್ಲ ಅಂತಾರ. ನಾ ಹೌದು ಅಂತೀನಿ. ಚರ್ಮದ್ದು ನಿನಗ ಗೊತ್ತಲ್ಲ, ನೀನಽ ಹೇಳು."

"ಗವಾ ಹೊಡದ್ರ ಜೇಲಿಗೆ ಹೋಗ್ತಿ ಅಂತ ಹೇಳಾಕತ್ತೇನಿ, ಕೇಳವೊಲ್ಲ" ಎಂದ ಧೋಂಡಿಬಾ.

"ಮೈಮ್ಯಾಲ ಬಂದ್ರ ಅಂದೆ. ಮೈಮ್ಯಾಲ ಬಂದ್ರ ನಮಸ್ಕಾರ ಮಾಡ್ಲೇನು?"

"ಮೈಮ್ಯಾಲ ಬರ್ಲಿ ಅಂತ ಕಬ್ಬಿನ್ಯಾಗ ಹೊಂಟೀಯಲ್ಲೋ!"

ಬಾಳಗೊಂಡ ಒಂದು ಗುಂಡನ್ನು ತೆಗೆದು ತಾತೋಬಾನ ಅಂಗೈಯಲ್ಲಿ ಇಟ್ಟ. ತುಸು ಉದ್ದನೆಯ ಶೇಂಗಾಕಾಯಿಯಷ್ಟಿತ್ತು. ತಾತೋಬಾನಿಗೆ ಉತ್ತರ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವನ ಕಣ್ಣು ಗುಡುಗುಟ್ಟುತ್ತಿದ್ದ ಗಾಡಿಯ ಮೇಲೆ ಬಿತ್ತು. 'ಸಾಲೂದಿಲ್ಲ' ಎಂದರೆ ಹೋಗುತ್ತಾರೆ. 'ಸಾಲತೈತಿ' ಎಂದರೂ ಹೋಗುತ್ತಾರೆ.

"ನೋಡಬೇಕ್ರಿ" ಎಂದ.

ಗಾಡಿ ಬಂದ್ ಆಯಿತು.

ತಾತೋಬಾ ಲಗುಬಗೆಯಿಂದ ಗೋಣಿಚೀಲ ಹಾಸಿದ. ಬಯಾಬಾಯಿಯ ದಿನಕರ್ಮಕ್ಕೆ ಬಂದವರಿಗೆ ಹಾಸಿದ ಮೇಲೆ ಅದು ಬಿಚ್ಚಿಕೊಂಡದ್ದು ಇವತ್ತೇ. ಇಬ್ಬರೂ ಕೂತರು. ಅವನು ಒಂದೊಂದೇ ತುಂಡು ತಂದು ಮುಂದಿಟ್ಟ. ಹೊಟ್ಟೆಯ ಚರ್ಮ, ಕುತ್ತಿಗೆಯ ಚರ್ಮ, ಬೆನ್ನಿನ ಚರ್ಮ.

"ಹ್ಯಾಂಗ ಅಂದ್ರ ಪಾಟೀಲ್ರ, ಪ್ರಾಣಿಗೆ ಒಂದಽ ಚರ್ಮ ಇರೂದಿಲ್ಲ. ಹೊಟ್ಟೀದು ಹಪ್ಪಳ ಇದ್ಹಂಗ. ಬೆನ್ನಿಂದು ಹಲಗಿ ಇದ್ಹಂಗ. ನೀವು ಎಲ್ಲಿಗೆ ಹೊಡ್ಯಾವ್ರು?"

"ಅದು ಎಲ್ಲಿ ತೋರಸತೈತಿ ಅಲ್ಲಿಗೆ."

ಚಹಾ ತರಿಸಿದ. ಎದುರಿನ ಮೊಬೈಲ್ ಅಂಗಡಿಯ ಸ್ವಪ್ನಿಲ ಜನ ಕಂಡು ಬಂದ. ಮೂವತ್ತರ ಪ್ರಾಯ, ಜಗತ್ತಿನ ಯಾವ ಪ್ರಶ್ನೆಗೂ ಅವನ ಫೋನಿನಲ್ಲಿ ಒಂದು ವಿಡಿಯೋ ಇರುತ್ತಿತ್ತು.

"ಅಮೇರಿಕಾದಾಗ ಪಿಸ್ತೂಲ್ಲೆ ಕರಡಿ ಹೊಡಿತಾರ್ರಿ. ಇಲ್ಲಿ ನೋಡ್ರಿ."

ಧೋಂಡಿಬಾ ಕನ್ನಡಕ ಏರಿಸಿದ. "ಅದು ಪಿಸ್ತೂಲಾ? ಅದನ್ನ ಹಿಡ್ಯಾಕ ಎರಡು ಕೈ, ಎತ್ತಾಕ ಒಂದು ಆಳು ಬೇಕು. ಇದು ಬತ್ತೀಸ್ ಬೋರಪಾ. ಇದನ್ನ ಮಾಡಿದ್ದು ಮನಷ್ಯಾಗ ಹೆದರಸಾಕ. ಗವ್ಯಾಗ ಹೆದರಿಕಿ ಯಾರು ಕಲಿಸ್ಯಾರ?"

ಪಕ್ಕದ ಹಿಟ್ಟಿನ ಗಿರಣಿಯ ಚಂಪಾಬಾಯಿಯೂ ಬಂದಳು. ಚರ್ಮದ ನಾತದ ಜಗಳದಿಂದಾಗಿ ಅವಳು ತಾತೋಬಾನ ಜೊತೆ ಮಾತು ಬಿಟ್ಟು ವರ್ಷದ ಮೇಲಾಗಿತ್ತು. ಇಚಲಕರಂಜಿಯ ಮಗ್ಗಗಳ ಗದ್ದಲದ ನಡುವೆ ಬೆಳೆದವಳು, ಮೆಲ್ಲಗೆ ಮಾತಾಡುವುದು ಅವಳಿಗೆ ಬಾರದು.

"ನಮ್ಮ ಎಮ್ಮಿ ಒಮ್ಮಿ ಗ್ವಾಡಿಗೆ ಹಾಯ್ದಿತ್ತ್ರಿ!" ಎಂದು ಕೂಗಿದಳು. "ಎಮ್ಮಿಗೆ ಏನೂ ಆಗ್ಲಿಲ್ಲ. ಗ್ವಾಡಿ ಬಿತ್ತು!"

"ನೋಡ್ರಿ!" ಎಂದ ಧೋಂಡಿಬಾ.

"ಅದು ಮಣ್ಣಿನ ಗ್ವಾಡಿ" ಎಂದ ಬಾಳಗೊಂಡ.

ಹನ್ನೊಂದರ ಹೊತ್ತಿಗೆ ಅಂಗಡಿಯಲ್ಲಿ ಒಂಬತ್ತು ಜನ ಕೂಡಿದ್ದರು. ಚಂಪಾಬಾಯಿ ಬುಟ್ಟಿಯಲ್ಲಿ ರೊಟ್ಟಿ, ಹಸಿಮೆಣಸಿನಕಾಯಿಯ ಖರ್ಡಾ ತಂದಿಟ್ಟಳು. ಗವಾದ ಪಕ್ಷ, ಗುಂಡಿನ ಪಕ್ಷ ಎಂದು ಎರಡಾಯಿತು. ಎರಡೂ ಪಕ್ಷದವರು ಕೊನೆಗೆ ತಾತೋಬಾನ ಮುಖ ನೋಡುತ್ತಿದ್ದರು. "ಏನಂತಿ ತಾತ್ಯಾ?" ಅವನು ಚರ್ಮದ ತುಂಡನ್ನು ಬೆಳಕಿಗೆ ಹಿಡಿದು, ಬಗ್ಗಿಸಿ, ಮೂಸಿ, "ನೋಡಬೇಕ್ರಿ" ಎನ್ನುತ್ತಿದ್ದ. ಎರಡು ವರ್ಷದಲ್ಲಿ ಆಡಬೇಕಿದ್ದ ಮಾತನ್ನೆಲ್ಲ ಆಡಿ ಅವನ ಗಂಟಲು ಕಟ್ಟಿತ್ತು. ಬಯಾಬಾಯಿ ಒಳಗಿನಿಂದ ಕೇಳುತ್ತಿದ್ದಾಳೇನೋ ಎಂಬಂತೆ ಒಂದೆರಡು ಸಲ ಕೋಣೆಯ ಕಡೆ ನೋಡಿಯೂ ನೋಡಿದ.

ಹನ್ನೆರಡಕ್ಕೆ ಬಾಳಗೊಂಡ ಧೋತರ ಕೊಡವಿ ಎದ್ದ. "ಸಾಕು. ನಾ ಕಬ್ಬಿನ್ಯಾಗ ಹೊಕ್ಕು ನೋಡಿಬಿಡ್ತೀನಿ. ಬಿದ್ರ ಬಿತ್ತು."

ಬಾಳಗೊಂಡನ ಸಣ್ಣ ಮಗಳ ಪಾದದ ಅಳತೆ ತಾತೋಬಾನ ಹತ್ತಿರ ಇತ್ತು. ವರ್ಷ ವರ್ಷ ಒಂದು ಬೆರಳು ಬೆಳೆಯುವ ಪಾದ. ಜನ ಹೋದರೆ ಹೋಗಲಿ ಎಂದು ಕಣ್ಣು ಮುಚ್ಚಿ ಹೇಳಿಬಿಟ್ಟ.

"ಸಾಲೂದಿಲ್ರಿ ಪಾಟೀಲ್ರ. ಬತ್ತೀಸ್ ಬೋರಿಗೆ ಗವಾ ಬೀಳೂದಿಲ್ಲ. ಅದಕ್ಕ ಸಿಟ್ಟು ಬರತೈತಿ, ಅಷ್ಟ. ಆಮ್ಯಾಲ ಬೀಳಾವ್ರು ನೀವು."

ಜನ ಚಪ್ಪಲಿ ಹುಡುಕತೊಡಗಿದರು. ಅವನು ಹೆದರಿದ್ದು ಇದಕ್ಕೇ.

"ಪುರಾವೆ ಏನ್ರಿ?" ಎಂದ ಸ್ವಪ್ನಿಲ. "ಟೆಸ್ಟ್ ಮಾಡಬೇಕಲ್ಲ?"

ಹಿತ್ತಿಲಿನಲ್ಲಿ ಒಂದು ಪೂರಾ ಎಮ್ಮೆಯ ಚರ್ಮ ಇತ್ತು. ಜಾಲಿ ತೊಗಟೆಯ ನೀರಿನಲ್ಲಿ ವಾರಗಟ್ಟಲೆ ನೆನೆಸಿ, ಉಜ್ಜಿ, ಒಣಗಿಸಿದ್ದು. ಈ ವರ್ಷದ ಚಪ್ಪಲಿಗಳ ತಳವೆಲ್ಲ ಅದರಲ್ಲೇ ಆಗಬೇಕು. ಬೇರೆ ದಿನವಾದರೆ ಅದರ ಮೇಲೆ ಕಾಗೆ ಕೂರಲೂ ಅವನು ಬಿಡುತ್ತಿರಲಿಲ್ಲ. ಆದರೆ ಒಂಬತ್ತು ಜನರಲ್ಲಿ ಐವರು ಆಗಲೇ ಎದ್ದು ನಿಂತಿದ್ದರು.

"ಬರ್ರಿ" ಎಂದ ತಾತೋಬಾ. "ಇದಕ್ಕ ಹೊಡೀರಿ."

ಚರ್ಮವನ್ನು ಹಗ್ಗಕ್ಕೆ ತೂಗುಹಾಕಿದರು. ಹೊಲದ ಕಡೆ ಪಟಾಕಿ ಸಿಡಿಯುತ್ತಲೇ ಇತ್ತು, ಇನ್ನೆರಡು ಸದ್ದು ಹೆಚ್ಚಾದರೆ ಯಾರು ಎಣಿಸುತ್ತಾರೆ? ಬಾಳಗೊಂಡ ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ರಿವಾಲ್ವರಿನ ಕುದುರೆ ಎಳೆದ. ಮೊದಲ ಗುಂಡು ಚರ್ಮ ನೆನೆಸುವ ಮಣ್ಣಿನ ಹರವಿಗೆ ಬಡಿದು ಹಿತ್ತಿಲ ತುಂಬ ಕಂದು ನೀರು ಹರಿಯಿತು. ಎರಡನೆಯದು ಚರ್ಮದ ನಟ್ಟನಡುವೆ ತೂತು ಮಾಡಿತು.

"ಪಾರ್! ಪಾರ್ ಆತು!" ಎಲ್ಲರೂ ಕುಣಿದರು. ಸ್ವಪ್ನಿಲ ಫೋನ್ ಹಿಡಿದು, "ತಾತ್ಯಾ, ತೂತಿನ್ಯಾಗ ಬಟ್ಟು ಹಾಕ್ರಿ" ಎಂದ. ತಾತೋಬಾ ಹಾಕಿದ. ಆಚೆ ಬದಿಯಿಂದ ಬೆರಳು ಇಲಿಮರಿಯಂತೆ ಇಣುಕಿತು.

"ಅಲ್ರಿ, ಕೇಳ್ರಿಲ್ಲೆ" ಎಂದು ಅವನು ಅಂಗಲಾಚಿದ. "ಇದು ಬರೇ ಚರ್ಮ. ಗವಾ ಏನು ಹಗ್ಗದ ಮ್ಯಾಲ ಒಣಗಾಕ ಹಾಕಿದ್ದೈತೇನು? ಒಳಗ ಗೇಣುದ್ದ ಮಾಂಸ ಐತಿ, ಎಲುಬು ಐತಿ. ಬೆರಳಿನಷ್ಟು ತೂತಾದ್ರ ಅಷ್ಟ ದೊಡ್ಡ ಜೀವ ಬಿದ್ದಬಿಡತೈತೇನ್ರಿ?"

ಯಾರು ಕೇಳಬೇಕು? ಬಾಳಗೊಂಡ ಗಾಡಿಗೆ ಕಿಕ್ ಹೊಡೆಯುತ್ತಿದ್ದ. ಅಷ್ಟರಲ್ಲಿ ಸ್ವಪ್ನಿಲನ ಫೋನು ಎರಡು ಸಲ ಗುಂಯ್‌ಗುಟ್ಟಿತು. ಮೊದಲ ಸುದ್ದಿ: ಗವಾ ಹತ್ತು ಗಂಟೆಗೇ ಹಿರಣ್ಯಕೇಶಿ ನದಿ ದಾಟಿ ಬಂದ ದಾರಿಯಲ್ಲಿ ಹೋಗಿದೆ, ಪಟಾಕಿಯವರು ಖಾಲಿ ಕಬ್ಬಿಗೆ ಸಿಡಿಸುತ್ತಿದ್ದಾರೆ. ಎರಡನೆಯದು: ಸ್ವಪ್ನಿಲ ಆಗಲೇ ಗ್ರೂಪಿಗೆ ಹಾಕಿದ್ದ ವಿಡಿಯೋವನ್ನು ಯಾರೋ ಅರಣ್ಯ ಇಲಾಖೆಗೆ ಕಳಿಸಿದ್ದಾರೆ. ತಲೆಬರಹ ಸ್ವಪ್ನಿಲನೇ ಕೊಟ್ಟಿದ್ದ: 'ಗವಾ ಪಾರ್!'

"ತಾತ್ಯಾ, ನನ್ನ ಹೆಸರು ಬರಬಾರದು ನೋಡು" ಎಂದ ಬಾಳಗೊಂಡ. ಅಷ್ಟು ಹೇಳಿ ಗಾಡಿ ಓಡಿಸಿಕೊಂಡು ಹೋದ. ಧೋಂಡಿಬಾ ಹಿತ್ತಿಲ ಗೋಡೆಯನ್ನು ಎಪ್ಪತ್ತರ ವಯಸ್ಸು ಮರೆತು ಹಾರಿದ. ಚಂಪಾಬಾಯಿ ರೊಟ್ಟಿಯ ಬುಟ್ಟಿ ಎತ್ತಿಕೊಂಡು ಗಿರಣಿಯ ಬಾಗಿಲು ಹಾಕಿದಳು. ಗೋಣಿಚೀಲದ ಮೇಲೆ ಖಾಲಿ ಚಹಾ ಗ್ಲಾಸುಗಳು ಉಳಿದವು. ತಾತೋಬಾನ ಬೆರಳು ಇನ್ನೂ ತೂತಿನಲ್ಲೇ ಇತ್ತು.

ಖಾಕಿ ಬಟ್ಟೆಯ ಅರಣ್ಯ ರಕ್ಷಕಿ ಮನೀಷಾ ಸ್ಕೂಟರಿನಲ್ಲಿ ಬಂದಳು.

"ಕಾಕಾ, ಹೇ ಗವ್ಯಾಚಂ ಕಾ?" ಎಂದು ಮರಾಠಿಯಲ್ಲಿ ಶುರು ಮಾಡಿ, ಅವನ ಮುಖ ನೋಡಿ ಕನ್ನಡಕ್ಕೆ ತಿರುಗಿದಳು. "ಇದು ಗವ್ಯಾನ ಚರ್ಮನ?"

"ಎಮ್ಮೀದವ್ವ."

"ಮತ್ತ ಈ ತೂತು?"

ಬಾಳಗೊಂಡನ ಹೆಸರು ಹೇಳಿದರೆ ಇನ್ನು ಯಾರೂ ಆ ಗೋಣಿಚೀಲದ ಮೇಲೆ ಕೂರುವುದಿಲ್ಲ. "ಆರೀದು" ಎಂದ.

"ಇಷ್ಟ ದಪ್ಪ ಆರಿ ಇರತೈತೇನ್ರಿ?"

"ಚಪ್ಪಲಿ ಭಾಳ ದೊಡ್ಡವು, ಅವ್ವಾ."

ಚರ್ಮದ ಸುರುಳಿಯೊಂದಿಗೆ ಮನೀಷಾ ಅವನನ್ನು ಅರಣ್ಯ ಕಚೇರಿಗೆ ಕರೆದೊಯ್ದಳು. ಅಲ್ಲಿ ಬೆಂಚು ಇತ್ತು, ತಿರುಗುವ ಫ್ಯಾನು ಇತ್ತು, ಚಹಾ ಬಂತು. ಅರಣ್ಯ ಅಧಿಕಾರಿ ಅವಧೂತ ಸಾಹೇಬರು ಹೆಸರು, ಊರು, ಮನೆಯಲ್ಲಿ ಯಾರ್ಯಾರು ಎಂದು ಕೇಳಿ ಬರೆದುಕೊಂಡರು. ಮನೆಯಲ್ಲಿ ಯಾರ್ಯಾರು ಎಂದು ಯಾರೋ ಕೇಳಿ ಎಷ್ಟು ಕಾಲವಾಗಿತ್ತು! ತಾತೋಬಾ ಬಯಾಬಾಯಿಯ ಹೆಸರಿನಿಂದ ಶುರು ಮಾಡಿದ. ಎಲ್ಲ ಬರೆದಾದ ಮೇಲೆ ಸಾಹೇಬರು ಪೆನ್ನು ಮುಚ್ಚಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ಅಲ್ಲ ಕಾಕಾ, ವಿಡಿಯೋ ನೋಡಿ ಸಹಜ ಕೇಳತೀನಿ. ಬತ್ತೀಸ್ ಬೋರಿಗೆ ಗವಾ ಬೀಳತೈತೇನ್ರಿ?"

ತಾತೋಬಾ ಅವರ ಮುಖ ನೋಡಿದ. "ನೋಡಬೇಕ್ರಿ ಸಾಹೇಬ್ರ" ಎಂದ.

ಇನ್ನೊಂದು ಚಹಾ ಬಂತು. ಚರ್ಮವನ್ನು ಪರೀಕ್ಷೆಗೆ ಕಳಿಸಬೇಕು, ವರದಿಗೆ ಎರಡು ಮೂರು ತಿಂಗಳು, ಅಲ್ಲಿಯತನಕ ಪ್ರತಿ ಸೋಮವಾರ ಬಂದು ಸಹಿ ಮಾಡಬೇಕು ಎಂದರು ಸಾಹೇಬರು.

"ಪ್ರತಿ ಸೋಮವಾರ?"

"ಏನು ಮಾಡೋದ್ರಿ, ಕಾಯ್ದೆ."

"ಕಾಯ್ದೆ ಅಂದ್ರ ಕಾಯ್ದೆ" ಎಂದ ತಾತೋಬಾ. ಸೋಮವಾರ ಗಡ್ಡ ಮಾಡಿಕೊಳ್ಳಬೇಕು. ಕುತ್ತಿಗೆ ಚರ್ಮದ ವಿಷಯ ಒಂದು ಸೋಮವಾರ, ಬೆನ್ನಿನ ವಿಷಯ ಇನ್ನೊಂದು ಸೋಮವಾರ ಹೇಳಿದರಾಯಿತು. ಮೂರು ತಿಂಗಳಿಗೆ ಹೇಗೂ ಸಾಲುತ್ತದೆ.

ನಾಲ್ಕು ಗಂಟೆಗೆ ಬೇರೆ ಯಾವುದೋ ಕೆಲಸಕ್ಕೆ ಬಂದ ದನದ ಡಾಕ್ಟರು ಸುರುಳಿಯ ಅಂಚನ್ನು ಬೆರಳಿನಿಂದ ಎತ್ತಿ ನೋಡಿದರು. "ಎಮ್ಮಿ" ಎಂದು ಬಚ್ಚಲಿಗೆ ಹೋದರು.

ಸಾಹೇಬರು ಬರೆದದ್ದನ್ನು ಹರಿದು ಹಾಕಿದರು. "ಮುಗೀತು ಕಾಕಾ. ಗುಂಡಿನ ವಿಚಾರ ನಮ್ಮದಲ್ಲ, ನಮ್ಮದು ಬರೇ ಪ್ರಾಣಿ. ನೀವು ಆರಾಮ ಮನಿಗೆ ಹೋಗ್ರಿ."

"ಮತ್ತ ಸೋಮವಾರ?"

"ಯಾಕ ತ್ರಾಸ? ಬ್ಯಾಡ."

"ಡಾಕ್ಟರು ಅವಸರದಾಗ ನೋಡ್ಯಾರ್ರಿ" ಎಂದ ತಾತೋಬಾ. "ಇನ್ನೊಮ್ಮಿ ನೋಡ್ಲಿ. ಗವ್ಯಾಂದೂ ಇರಬಹುದು."

ಎಲ್ಲರೂ ನಕ್ಕರು. ಒಳ್ಳೆಯ ನಗು, ಅದರಲ್ಲಿ ಕೇಡು ಇರಲಿಲ್ಲ. ಮನೀಷಾ ಸುರುಳಿಯನ್ನು ಅವನ ಹೆಗಲಿಗೆ ಏರಿಸಿದಳು. ತಾತೋಬಾ ಬಾಗಿಲ ಹೊರಗೆ ಬಂದ. ಮೆಟ್ಟಿಲ ಹತ್ತಿರ ಅವನ ಚಪ್ಪಲಿ ಜೋಡಿಯಾಗಿ ಕೂತಿದ್ದವು. ತನ್ನ ಕೈಯಿಂದಲೇ ಹೊಲಿದವು, ನಡೆದರೆ ಕರ್ರ್ ಎನ್ನುವಂಥವು. ಅವುಗಳನ್ನು ಒಂದು ಗಳಿಗೆ ನೋಡಿದ. ಆಚೀಚೆ ನೋಡಿದ. ಆಮೇಲೆ ಮೆಲ್ಲಗೆ ಕಾಲು ಎತ್ತಿ ಅವುಗಳನ್ನು ದಾಟಿ ರಸ್ತೆಗೆ ಇಳಿದ.

ಡಾಂಬರು ಇನ್ನೂ ಸುಡುತ್ತಿತ್ತು. ನಲವತ್ತು ವರ್ಷ ಊರಿಗೆಲ್ಲ ಚಪ್ಪಲಿ ಹೊಲಿದವನು ಬರಿಗಾಲಲ್ಲಿ ಕುಪ್ಪಳಿಸುತ್ತ ನಡೆದ. ಚಪ್ಪಲಿ ಮರೆತವನು ತಿರುಗಿ ಬರಲೇಬೇಕಲ್ಲ? ನಾಳೆ ಹತ್ತಕ್ಕೆ ಹೋದರೆ ಬೇಗ ಆದೀತು. ಹನ್ನೊಂದಕ್ಕೆ ಹೋದರೆ ಚಹಾದ ಹೊತ್ತು. 'ಚಪ್ಪಲ ಬಿಟ್ಟಿದ್ನಿ ನೋಡ್ರಿ' ಎಂದು ಶುರು ಮಾಡಿದರೆ ಮಾತು ಹೇಗೂ ಚರ್ಮಕ್ಕೆ ಬರುತ್ತದೆ.

ಓಣಿಯ ತಿರುವಿನಲ್ಲಿ ಹಿಂದಿನಿಂದ ಸ್ಕೂಟರ್ ಹಾರ್ನ್ ಕೇಳಿತು.

"ಕಾಕಾ! ನಿಂದರ್ರಿ!" ಮನೀಷಾ ಇಳಿದು, ಎರಡೂ ಚಪ್ಪಲಿಯನ್ನು ಅವನ ಕಾಲ ಮುಂದೆ ನೆಟ್ಟಗೆ ಜೋಡಿಸಿಟ್ಟಳು. "ಬಿಟ್ಟ ಬಂದಿದ್ರಲ್ಲ. ಇದಕ್ಕಂತ ನಾಳೆ ಮತ್ತ ಅಷ್ಟ ದೂರ ಬರಬೇಕಾಗತಿತ್ತು ನೀವು."

"ಭಾಳ ಉಪಕಾರ ಆತವ್ವ" ಎಂದ ತಾತೋಬಾ.

ಸ್ಕೂಟರ್ ತಿರುಗಿ ಹೋಯಿತು. ಅವನು ಧೂಳಿನ ಪಾದಗಳನ್ನು ಒಂದೊಂದಾಗಿ ತೂರಿಸಿ ಹೆಜ್ಜೆ ಇಟ್ಟ. ಕರ್ರ್ ಎಂದವು. ಆ ಸದ್ದಿಗೆ ಗಿರಣಿಯ ಬಾಗಿಲು ಒಂದಿಷ್ಟು ತೆರೆದು ಮತ್ತೆ ಮುಚ್ಚಿಕೊಂಡಿತು.

"ಸುಮ್ನ ಅಲ್ಲೇ ಕುಂದ್ರಾಕ ಏನಾಗಿತ್ತು ನಿಮಗ?" ಎಂದು ಚಪ್ಪಲಿಗಳನ್ನು ಬೈಯುತ್ತ ತಾತೋಬಾ ಮನೆಯ ಕಡೆ ನಡೆದ.