ಸಾಧನೆಗೆ ನಾಲ್ಕು ಗೆರೆ

ಪ್ರಶ್ನೆ ಕಂಡರೆ ಖಾಲಿ ಬಿಡಲಾಗದ ಕಾಯಿಲೆ ನನಗಿದೆ. ಚಿಕ್ಕಂದಿನಲ್ಲೇ ಓದು ಬಿಟ್ಟು, ಮೂವತ್ತೆಂಟನೇ ವಯಸ್ಸಿನಲ್ಲಿ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಕಟ್ಟಿದವನು ನಾನು. ಗುಬ್ಬಿಯಲ್ಲಿ ಪಾಠ ಹೇಳಿಕೊಟ್ಟ ಮೇಷ್ಟ್ರು ನನಗಿಂತ ಹತ್ತು ವರ್ಷ ಚಿಕ್ಕವರು. "ಗೊತ್ತಿಲ್ದಿದ್ರೂ ಏನಾದ್ರೂ ಬರೀರಿ ಅಣ್ಣಾ, ಖಾಲಿ ಹಾಳೆಗೆ ಯಾರೂ ಮಾರ್ಕ್ಸ್ ಕೊಡಲ್ಲ" ಅಂದಿದ್ದರು. ಪಾಸಾದೆ, ಆದರೆ ಚಟ ಉಳಿದುಹೋಯಿತು. ರೇಷನ್ ಕಾರ್ಡಿನ ಅರ್ಜಿಯಲ್ಲಿ 'ಇತರೆ ವಿವರ' ಅಂತ ಇದ್ದ ಕಡೆ ನಮ್ಮ ಹಸುವಿನ ಬಣ್ಣವನ್ನೂ ಬರೆದು ಬಂದಿದ್ದೇನೆ.

ಸತ್ಯಮಂಗಲದಲ್ಲಿ ಪಂಪಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ಪ್ಯಾಕಿಂಗ್ ಕೆಲಸ. ಆ ವರ್ಷ ಸ್ಟೋರ್ ಗುಮಾಸ್ತರ ಜಾಗ ಖಾಲಿಯಾಗಿತ್ತು. ಆ ಕುರ್ಚಿ ಸರಿಯಾಗಿ ಫ್ಯಾನಿನ ಕೆಳಗಿತ್ತು, ಎದುರಿಗೆ ಕಂಪ್ಯೂಟರ್ ಬೇರೆ! ಅದರ ಮೇಲಿನ ಆಸೆಗೆ ನಾನು ಟೈಪಿಂಗ್ ಕ್ಲಾಸಿಗೂ ಸೇರಿಕೊಂಡಿದ್ದೆ. ಡಿಸೆಂಬರಿನಲ್ಲಿ ಹೊಸ ಮ್ಯಾನೇಜರ್ ಎಲ್ಲರಿಗೂ ಒಂದೊಂದು ಫಾರಂ ಹಂಚಿ, "ಇದನ್ನ ನೋಡಿ ನಿಮ್ಮಲ್ಲೇ ಒಬ್ರನ್ನ ಆ ಜಾಗಕ್ಕೆ ತಗೋತೀನಿ" ಅಂದರು. ಎರಡೇ ಪ್ರಶ್ನೆ. ಈ ವರ್ಷದ ಸಾಧನೆ, ಅದಕ್ಕೆ ನಾಲ್ಕು ಗೆರೆ. ಈ ವರ್ಷ ಕಲಿತ ಪಾಠ, ಅದಕ್ಕೂ ನಾಲ್ಕು ಗೆರೆ.

ಸಾಧನೆ ಅಂದರೆ ಏನು ಬರೆಯುವುದು? 'ನಾನು ಮಾಡಿದೆ' ಅನ್ನಲು ನಮ್ಮ ಕಡೆಯವರಿಗೆ ಬಾಯೇ ಬರುವುದಿಲ್ಲ, ಮನೆ ಕಟ್ಟಿಸಿದವನೂ 'ಹೆಂಗೋ ಆಯ್ತು' ಅನ್ನುತ್ತಾನೆ. ಲೇತ್ ಮೆಷಿನ್ನಿನ ರಹಮತ್ ಭಾಯ್ ಕುಣಿಗಲ್ ಕಡೆಯವರು, ನನಗಿಂತ ಹಿರಿಯರು. ಅವರು, "ಟೈಮ್‌ಗೆ ಬಂದೆ, ಟೈಮ್‌ಗೆ ಹೋದೆ ಅಂತ ಗೀಚಿ ಕೊಡು ಕಣಯ್ಯಾ" ಅಂದರು. ಮನೆಯಲ್ಲಿ ಹೆಂಡತಿ ಲಲಿತಳನ್ನು ಕೇಳಿದೆ. ಹುರುಳಿಕಾಯಿ ನಾರು ತೆಗೆಯುತ್ತಿದ್ದವಳು, "ಸಾಧ್ನೆನಾ? ನೀವಾ?" ಅಂತ ಮನಸಾರೆ ನಕ್ಕಳು. ಆಮೇಲೆ ಕನಿಕರ ಬಂದು, "ಈ ವರ್ಷ ನಮ್ಮಣ್ಣನ ಜೊತೆ ಜಗಳ ಆಡ್ಲಿಲ್ಲ, ಅದ್ನ ಬರ್ಕೊಳ್ಳಿ" ಅಂದಳು. ಬರೆದುಕೊಂಡೆ. ಒಂದು ಗೆರೆ ತುಂಬಿತು!

ಎರಡನೇ ಪ್ರಶ್ನೆಗೆ ಬಂದಾಗ ನೋಡಿ, ಉತ್ಸಾಹ ಉಕ್ಕಿತು. ನಾಲ್ಕು ಗೆರೆ ಎಲ್ಲಿ ಸಾಕು? ನಾನು ಕಲಿಯಲು ಹೋಗುತ್ತಿದ್ದ ಟೈಪಿಂಗ್ ಕ್ಲಾಸಿನ ಮೆಷಿನ್ನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾ, ವಾರವಿಡೀ ಕೂತು ಮೂರು ಹಾಳೆ ಟೈಪ್ ಮಾಡಿದೆ. 'ಗುಬ್ಬಿಗೆ ಹೋಗಬೇಕಾದ ಎರಡು ಬಾಕ್ಸ್ ಕುಣಿಗಲ್ಲಿಗೆ ಕಳಿಸಿದೆ. ಭಾನುವಾರ ಬಸ್ಸಿನಲ್ಲಿ ಹೋಗಿ ತಂದು ಗುಬ್ಬಿಗೆ ಮುಟ್ಟಿಸಿದೆ. ಪಾಠ: ಲೇಬಲ್ ಓದಿ ಅಂಟಿಸಬೇಕು. ಮಳೆಗಾಲದಲ್ಲಿ ಗೋಡೆ ಪಕ್ಕ ಇಟ್ಟ ಬಾಕ್ಸ್‌ಗಳ ತಳ ಒದ್ದೆಯಾಯಿತು. ಹಳೇ ಹಲಗೆಗಳಿಗೆ ಮೊಳೆ ಹೊಡೆದು ಎತ್ತರ ಮಾಡಿ ಇಟ್ಟೆ. ಪಾಠ: ಗೋಡೆಯನ್ನು ನಂಬಬಾರದು. ವಾಷರ್ ಹಾಕಿದೆನೋ ಇಲ್ಲವೋ ಅಂತ ಅನುಮಾನ ಬಂದು ಅರವತ್ತು ಬಾಕ್ಸ್ ಬಿಚ್ಚಿ ನೋಡಿದೆ. ಎಲ್ಲದರಲ್ಲೂ ಇತ್ತು. ಪಾಠ: ಮುದ್ದೆ ಉಂಡ ತಕ್ಷಣ ವಾಷರ್ ಎಣಿಸಬಾರದು.' ಹೀಗೆ ಹದಿನೇಳು ಪಾಠ.

ಕೊಟ್ಟು ಬಂದ ಮೇಲೆ ರಹಮತ್ ಭಾಯ್‌ಗೆ ಖುಷಿಯಿಂದ ಹೇಳಿದೆ. ಅವರು ಮೆಷಿನ್ನೇ ನಿಲ್ಲಿಸಿಬಿಟ್ಟರು. "ಯಾರ್ಗೂ ಗೊತ್ತಿಲ್ದಿರೋದ್ನೆಲ್ಲ ನೀನೇ ಬರ್ದು ಕೊಟ್ಯಾ? ಪೊಲೀಸ್ನೋರು ಬೆಂಡೆತ್ತಿದ್ರೂ ಯಾರೂ ಇಷ್ಟು ಬಾಯ್ಬಿಡಲ್ವಲ್ಲೋ! ಸ್ಟೋರ್ ಕುರ್ಚಿ ಹಂಗಿರ್ಲಿ, ಇರೋ ಸ್ಟೂಲೂ ಹೋಯ್ತು ಬುಡು!"

ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ಮ್ಯಾನೇಜರ್ ಕರೆಸಿದರು.

"ಕುಣಿಗಲ್‌ಗೆ ಬಾಕ್ಸ್ ಹೋಗಿದ್ದು ನಂಗ್ಯಾಕೆ ಯಾರೂ ಹೇಳ್ಲಿಲ್ಲ?"

"ಯಾರ್ಗೂ ಗೊತ್ತಿರ್ಲಿಲ್ಲ ಸಾರ್."

"ಆ ಹಲಗೆ ಹೊಡ್ದಿರೋದು ನೀವೇನಾ?"

"ತಪ್ಪಾಯ್ತು ಸಾರ್. ಹಲಗೆ ಕಂಪ್ನಿದೇ."

ಅವರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು. "ಅಲ್ರೀ, ಸಾಧನೆ ಕೇಳಿದ್ರೆ ಹೆಂಡ್ತಿ ಅಣ್ಣನ ಸುದ್ದಿ ಬರ್ದಿದೀರ. ಮಾಡಿರೋ ಸಾಧನೆನೆಲ್ಲ ತಪ್ಪಿನ ಲಿಸ್ಟಲ್ಲಿ ಹಾಕಿದೀರ. ಸೋಮವಾರದಿಂದ ಸ್ಟೋರ್‌ನಲ್ಲಿ ಕೂತ್ಕೊಳ್ಳಿ."

ಸೋಮವಾರ ಹಾರಿಕೊಂಡೇ ಹೋದೆ. ನೋಟಿಸ್ ಬೋರ್ಡಿನ ಮುಂದೆ ಗುಂಪು. ನೋಡಿದರೆ, 'ಎಲ್ಲರೂ ತಪ್ಪದೆ ಓದಿ' ಅಂತ ಮೇಲೆ ಬರೆದು ನನ್ನ ಮೂರೂ ಹಾಳೆ ಅಂಟಿಸಿದ್ದಾರೆ! ನನ್ನ ಮರ್ಯಾದೆ ಉಳಿಯಲಿ ಅಂತ ಹೆಸರಿದ್ದ ಭಾಗ ಕತ್ತರಿಸಿ ತೆಗೆದಿದ್ದರು. "ಯಾವನಪ್ಪಾ ಈ ಪುಣ್ಯಾತ್ಮ!" ಅಂತ ಒಬ್ಬ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಾನು ತಲೆ ತಗ್ಗಿಸಿ ಸುಮ್ಮನೆ ಸ್ಟೋರಿಗೆ ಹೋಗಬಹುದಿತ್ತು. ಆದರೆ ನಾನು ಬರೆದದ್ದನ್ನು ಜನ ನಿಂತು ಓದುತ್ತಿರುವುದು ಜನ್ಮದಲ್ಲಿ ಇದೇ ಮೊದಲು. ಗುಂಪು ಕರಗುವವರೆಗೆ ಕಾದು, ಜೇಬಿನಿಂದ ಪೆನ್ನು ತೆಗೆದು, ಕೊನೆಯ ಹಾಳೆಯ ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು ಬರೆದೆ.